ಎಡ್ವರ್ಡ್ ಮ್ಯಾಕ್‌ಡೊವೆಲ್: ವಿಶ್ವವಿದ್ಯಾನಿಲಯದಲ್ಲಿ ಒಬ್ಬ ಸಂಗೀತ ರಚನಕಾರ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವು 1896ರಲ್ಲಿ ಸಂಗೀತಕ್ಕೊಂದು ಪೀಠವನ್ನು ಸ್ಥಾಪಿಸಿ, ಅದರ ಮೊದಲ ಪ್ರಾಧ್ಯಾಪಕನನ್ನಾಗಿ ಎಡ್ವರ್ಡ್ ಮ್ಯಾಕ್‌ಡೊವೆಲ್ಲನನ್ನು ಆರಿಸಿತು. ಎಂಟು ವರ್ಷಗಳ ತರುವಾಯ ಅವನು ಆ ಪದವಿಯನ್ನು ತ್ಯಜಿಸಿ ಹೊರಬಂದನು. ಅವನ ಕೃತಿಗಳನ್ನು ವಿಮರ್ಶಿಸುವವರು ಈ ಪ್ರಕರಣವನ್ನು ದುಃಖಕರವಾದ ಒಂದು ಉಪಕಥೆಯೆಂದು ಬದಿಗಿರಿಸುವುದುಂಟು. ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಅಭ್ಯಸಿಸುವವರಿಗಾದರೋ ಅದು ಹಾಗೆ ಬದಿಗಿರಿಸತಕ್ಕ ವಿಷಯವಲ್ಲ. ಉನ್ನತ ಶಿಕ್ಷಣದಲ್ಲಿ ಕಲೆಯ ಸ್ಥಾನವೇನೆಂಬ ಪ್ರಶ್ನೆ ಅಲ್ಲಿ ಒಬ್ಬ ಮನುಷ್ಯನ ಜೀವನವನ್ನೇ ಒತ್ತೆಯಾಗಿಟ್ಟುಕೊಂಡು ಎದ್ದುನಿಂತಿತು.

ಮ್ಯಾಕ್‌ಡೊವೆಲ್ಲನು ನ್ಯೂಯಾರ್ಕ್ ನಗರದಲ್ಲಿ 1860ರ ಡಿಸೆಂಬರ್ 18ರಂದು ಜನಿಸಿದನು. ಹಳೆಯ ಗ್ರಂಥಗಳಲ್ಲಿ 1861 ಎಂದು ಅಚ್ಚಾಗಿರುವುದು ತಪ್ಪು. ಒಬ್ಬರು ಬರೆದುದನ್ನು ಮತ್ತೊಬ್ಬರು ಪರೀಕ್ಷಿಸದೆ ಎತ್ತಿಕೊಂಡರೆ ತಪ್ಪಿಗೆ ಎಷ್ಟು ದೀರ್ಘಾಯುಷ್ಯ ಬರುವುದೆಂಬುದಕ್ಕೆ ಇದೊಂದು ನಿದರ್ಶನ. ಬಾಲ್ಯದಲ್ಲಿ ಪಿಯಾನೋ ಹೇಳಿಕೊಟ್ಟವರಲ್ಲಿ ವೆನೆಜುವೆಲಾ ದೇಶದ ಪ್ರಖ್ಯಾತ ವಾದಕಿ ತೆರೇಸಾ ಕರೆನ್ಯೊ ಒಬ್ಬಳು. ಮುಂದೆ ಅವನ ಕೃತಿಗಳನ್ನು ಸಭೆಗಳಲ್ಲಿ ನುಡಿಸಿ ಪ್ರಚುರಪಡಿಸಿದವಳೂ ಅವಳೇ.

ಹದಿಹರೆಯದಲ್ಲಿಯೇ ಅವನು ತಾಯಿಯೊಡನೆ ಪ್ಯಾರಿಸ್ಸಿಗೆ ತೆರಳಿ ಅಲ್ಲಿನ ಸಂಗೀತ ಶಾಲೆಯನ್ನು ಸೇರಿದನು. ಅಲ್ಲಿಯ ಕ್ರಮ ಅವನಿಗೆ ಒಗ್ಗಲಿಲ್ಲ. ಜರ್ಮನಿಗೆ ಹೋಗಿ, ಫ್ರಾಂಕ್‌ಫರ್ಟಿನಲ್ಲಿ ಕಾರ್ಲ್ ಹೈಮನ್ನನಿಂದ ಪಿಯಾನೋ ವಾದನವನ್ನೂ ಯೋಆಖಿಮ್ ರಾಫ್‌ನಿಂದ ರಚನಾಶಾಸ್ತ್ರವನ್ನೂ ಕಲಿತನು. 1882ರಲ್ಲಿ ವೈಮರಿನಲ್ಲಿ ವೃದ್ಧ ಲಿಸ್ಟ್‌ನನ್ನು ಕಂಡು ತನ್ನ ಮೊದಲ ಪಿಯಾನೋ ಕನ್ಸರ್ಟೊವನ್ನು ಒಪ್ಪಿಸಿದಾಗ ಆ ಹಿರಿಯನು ತುಂಬು ಮನಸ್ಸಿನಿಂದ ಮೆಚ್ಚಿದನು. ಅವನ ಶಿಫಾರಸಿನಿಂದಲೇ ಅದೇ ವರ್ಷ ಜೂರಿಕ್ ನಗರದ ಸಂಗೀತೋತ್ಸವದಲ್ಲಿ ಈ ಯುವಕನ ಕೃತಿಯೊಂದಕ್ಕೆ ಸ್ಥಾನ ದೊರೆಯಿತು. ತನ್ನ ಶಿಷ್ಯೆಯಾಗಿದ್ದ ಮೇರಿಯನ್ ನೆವಿನ್ಸಳನ್ನು 1884ರಲ್ಲಿ ವಿವಾಹವಾಗಿ, 1888ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಬಾಸ್ಟನ್ನಿನಲ್ಲಿ ನೆಲಸಿದನು. ಮರುವರ್ಷದ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತಾನೇ ನುಡಿಸಿದ ಎರಡನೆಯ ಕನ್ಸರ್ಟೊ ಅವನ ಕೀರ್ತಿಯನ್ನು ಸ್ಥಿರಗೊಳಿಸಿತು.

ಆ ದಶಕದ ಅಮೆರಿಕದಲ್ಲಿ ರಾಷ್ಟ್ರೀಯ ಸಂಗೀತದ ಚರ್ಚೆ ಬಿಸಿಯೇರಿದ್ದಿತು. 1892ರಲ್ಲಿ ಅಲ್ಲಿಗೆ ಬಂದ ಬೊಹೀಮಿಯದ ಡ್ವೊರ್ಜಾಕ್, ನೀಗ್ರೋ ಜನರ ಗೀತೆಗಳನ್ನು ಅಡಿಗಲ್ಲಾಗಿಟ್ಟುಕೊಳ್ಳಿರೆಂದು ಬೋಧಿಸುತ್ತಿದ್ದನು. ಜಾನಪದ ಮಟ್ಟುಗಳನ್ನು ಉಡುಪಿನಂತೆ ತೊಡಿಸಿದ ಮಾತ್ರಕ್ಕೆ ಸಂಗೀತವು ಒಂದು ದೇಶದ್ದಾಗುವುದಿಲ್ಲವೆಂಬುದು ಮ್ಯಾಕ್‌ಡೊವೆಲ್ಲನ ಮತ. ಅಮೆರಿಕನ್ನರ ಕೃತಿಗಳನ್ನಷ್ಟೇ ಕೂಡಿಸಿ ಕಚೇರಿ ನಡೆಸುವುದನ್ನೂ ಅವನು ವಿರೋಧಿಸಿದನು. ಕೃತಿಯ ಬೆಲೆಯನ್ನು ಕರ್ತೃವಿನ ಹುಟ್ಟೂರಿನಿಂದ ಅಳೆಯಬಾರದು. ಹೀಗಿದ್ದೂ, ಥಿಯೋಡೋರ್ ಬೇಕರ್ ಎಂಬ ವಿದ್ವಾಂಸನು 1882ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಆದಿವಾಸಿಗಳ ಧಾಟಿಗಳನ್ನು ಆಯ್ದು, ವಾದ್ಯವೃಂದಕ್ಕಾಗಿ ‘ಇಂಡಿಯನ್ ಸ್ವೀಟ್’ ಎಂಬ ಕೃತಿಯನ್ನು ರಚಿಸಿದವನೂ ಅವನೇ. ಇದನ್ನು ವಿರೋಧಾಭಾಸವೆನ್ನಬಹುದು. ನನಗೆ ತೋರುವಂತೆ, ತತ್ತ್ವಕ್ಕಿಂತ ಕಿವಿಗೆ ಹೆಚ್ಚು ವಿಧೇಯನಾಗಿರುವುದು ಕಲಾವಿದನ ಸಹಜ ಧರ್ಮ.

ಕೊಲಂಬಿಯಾದಲ್ಲಿ ಅವನ ಯೋಜನೆ ಎರಡು ಕವಲಾಗಿದ್ದಿತು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವವರಿಗೆ ಕಠಿನವಾದ ಶಾಸ್ತ್ರಾಭ್ಯಾಸ ಒಂದು. ಇತರ ವಿದ್ಯಾರ್ಥಿಗಳಿಗೆ ಸಂಗೀತದ ಚರಿತ್ರೆ ಮತ್ತು ಸೌಂದರ್ಯಮೀಮಾಂಸೆ ಇನ್ನೊಂದು. ಮೊದಲ ವರ್ಷಗಳಲ್ಲಿ ಸಹಾಯಕರಿಲ್ಲದೆ ಪಾಠ, ಅಭ್ಯಾಸಪತ್ರಗಳ ತಿದ್ದುಪಡಿ, ಪರೀಕ್ಷೆ ಎಲ್ಲವನ್ನೂ ಅವನೊಬ್ಬನೇ ನಿರ್ವಹಿಸಿದನು. ಶಿಲ್ಪ, ಚಿತ್ರ, ವಾಸ್ತು, ಸಂಗೀತ, ಸಾಹಿತ್ಯಗಳು ಒಂದೇ ಮಾಡಿನ ಕೆಳಗೆ ಕೂಡಬೇಕೆಂಬುದು ಅವನ ದೊಡ್ಡ ಆಸೆ. ತನ್ನ ರಚನಾಕಾರ್ಯಕ್ಕೆ ಬೇಸಗೆಯ ರಜೆಯೊಂದೇ ಉಳಿಯಿತು.

1902ರಲ್ಲಿ ನಿಕೊಲಸ್ ಮರ್ರೆ ಬಟ್ಲರ್ ವಿಶ್ವವಿದ್ಯಾನಿಲಯದ ಅಧ್ಯಕ್ಷನಾದನು. ಮ್ಯಾಕ್‌ಡೊವೆಲ್ಲನು ಒಂದು ವರ್ಷದ ರಜೆಯಲ್ಲಿದ್ದಾಗ ಅಧ್ಯಕ್ಷನು ಕಲಾವಿಭಾಗಗಳನ್ನು ಬೇರೊಂದು ಬಗೆಯಲ್ಲಿ ಪುನರ್ವಿಂಗಡಿಸಿ, ಅಧ್ಯಾಪಕರ ತರಬೇತಿ ಕಾಲೇಜಿನೊಡನೆ ಹೊಂದಿಸಹೊರಟನು. ಹಿಂದಿರುಗಿದ ಪ್ರಾಧ್ಯಾಪಕನಿಗೆ ತನ್ನ ಕನಸು ಕಡತವಾಗಿ ಮಾರ್ಪಟ್ಟಿದ್ದುದು ಕಂಡಿತು. 1904ರ ಆರಂಭದಲ್ಲಿ ಅವನು ರಾಜೀನಾಮೆ ಕೊಟ್ಟನು. ವಿಷಯ ಪತ್ರಿಕೆಗಳಿಗೆ ಹೋಯಿತು. ಆಡಳಿತ ಮಂಡಲಿಯು ಅವನ ನಡತೆಯನ್ನು ಖಂಡಿಸಿತು. ಬಟ್ಲರನು ಕಲಾದ್ವೇಷಿಯಾಗಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಬೆಳೆಯುತ್ತಿದ್ದ ಸಂಸ್ಥೆಯೊಂದನ್ನು ಕಟ್ಟುವವನ ಲೆಕ್ಕಾಚಾರ ಅವನದು. ಮ್ಯಾಕ್‌ಡೊವೆಲ್ಲನಿಗೆ ಸಭೆ, ಟಿಪ್ಪಣಿ, ಸಂಧಾನಗಳ ಜಾಣ್ಮೆ ಇರಲಿಲ್ಲ. ಆದರೂ, ತಾನು ಆಹ್ವಾನಿಸಿದ ಪ್ರಾಧ್ಯಾಪಕನನ್ನು ಕೇಳದೆ ಅವನ ವಿಭಾಗದ ಭವಿಷ್ಯವನ್ನು ನಿರ್ಧರಿಸಲು ಹೊರಟ ಸಂಸ್ಥೆಯ ಹೊಣೆಯೇ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಮುಂದೆ ಅದೇ ವಿಶ್ವವಿದ್ಯಾನಿಲಯ ಸಂಗೀತದ ಪ್ರಾಧ್ಯಾಪಕ ಪದವಿಯೊಂದಕ್ಕೆ ಅವನ ಹೆಸರನ್ನೇ ಇಟ್ಟಿತು.

ಅದೇ ವರ್ಷ ಕುದುರೆಗಾಡಿಯೊಂದು ಬಡಿದು ಅವನಿಗೆ ಪೆಟ್ಟಾಯಿತು. ಕ್ರಮೇಣ ಬುದ್ಧಿ ಮಂಕಾಗಿ, ಕೊನೆಯ ದಿನಗಳಲ್ಲಿ ಮಗುವಿನಂತಾದನು. 1908ರ ಜನವರಿ 23ರಂದು ಮರಣಹೊಂದಿದನು.

ನ್ಯೂಹ್ಯಾಂಪ್‌ಷೈರಿನ ಪೀಟರ್‌ಬರೋ ಗ್ರಾಮದಲ್ಲಿ 1896ರಲ್ಲಿ ಈ ದಂಪತಿಗಳು ಕೊಂಡಿದ್ದ ಜಮೀನಿನ ಕಾಡಿನೊಳಗೆ ಅವನಿಗೊಂದು ಮರದ ಕುಟೀರವಿದ್ದಿತು. ಕೊನೆಯ ಕೃತಿಗಳಲ್ಲಿ ಹಲವು ಅಲ್ಲಿ ಹುಟ್ಟಿದವು. ಅಂತಹುದೇ ಏಕಾಂತ ಇತರ ಕಲಾವಿದರಿಗೂ ದೊರೆಯಲೆಂದು 1907ರಲ್ಲಿ ಅಲ್ಲಿಯೇ ಒಂದು ಕಲಾವಿದರ ನೆಲೆ ಸ್ಥಾಪಿತವಾಯಿತು. ಮೇರಿಯನ್ ದೇಶವೆಲ್ಲ ಸುತ್ತಿ, ಗಂಡನ ಕೃತಿಗಳನ್ನು ನುಡಿಸಿ, ಉಪನ್ಯಾಸ ಮಾಡಿ ಅದಕ್ಕೆ ಹಣ ಕೂಡಿಸಿದಳು; 1956ರಲ್ಲಿ ತೀರಿಕೊಳ್ಳುವವರೆಗೆ ಅದರ ಹಿತವನ್ನೇ ಚಿಂತಿಸಿದಳು. ರಚನಕಾರ ಏರನ್ ಕೋಪ್‌ಲೆಂಡ್, ಕಾದಂಬರಿಕಾರ್ತಿ ವಿಲ್ಲಾ ಕ್ಯಾಥರ್, ನಾಟಕಕಾರ ಥಾರ್ನ್‌ಟನ್ ವೈಲ್ಡರ್ ಮೊದಲಾದವರು ಅಲ್ಲಿ ತಂಗಿ ಕೆಲಸಮಾಡಿದರು. ಸಂಗೀತ, ಚಿತ್ರ, ಸಾಹಿತ್ಯಗಳ ಜನ ಹಗಲೆಲ್ಲ ತಮ್ಮ ತಮ್ಮ ಕುಟೀರಗಳಲ್ಲಿ ದುಡಿದು ರಾತ್ರಿಯ ಊಟಕ್ಕೆ ಒಂದೆಡೆ ಕಲೆಯುವುದು ಅಲ್ಲಿಯ ಪದ್ಧತಿ.