ಟೀಚರಮ್ಮನ ಸಂಬಳ: ಯಾರಿಗೆಷ್ಟು, ಏಕೆ?

"ನಿಮ್ ಮಗಳು ಟೀಚರ್ ಆದ್ಲಂತಲ್ಲ, ಸಂಬಳ ಎಷ್ಟು ಬರುತ್ತೇರೀ?" ಮದುವೆಮನೆಯಲ್ಲೋ, ಅರಿಶಿನ ಕುಂಕುಮಕ್ಕೆ ಹೋದಲ್ಲೋ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಮಾತ್ರ ಮನೆಗೊಂದು ಬಗೆ. ಒಟ್ಟಿಗೆ ಡಿ.ಎಡ್. ಮುಗಿಸಿದ ಇಬ್ಬರು ಗೆಳತಿಯರಲ್ಲಿ ಒಬ್ಬಳ ಸಂಬಳ ಇನ್ನೊಬ್ಬಳದರ ಮೂರು ನಾಲ್ಕು ಪಟ್ಟು ಇರುವುದುಂಟು. ಇಬ್ಬರೂ ಕಲಿಸುವುದು ಅದೇ ಮಗ್ಗಿ, ಅದೇ ಕಾಗುಣಿತ. ಹಾಗಾದರೆ ಈ ಅಂತರವೇಕೆ?

ಕೊಡುವ ಕೈ ಯಾವುದು?

ಮೊದಲು ನೋಡಬೇಕಾದ್ದು ಇದನ್ನೇ. ಸರ್ಕಾರಿ ಶಾಲೆಯ ಖಾಯಂ ಶಿಕ್ಷಕಿಗೆ ಗೊತ್ತುಪಡಿಸಿದ ವೇತನ ಶ್ರೇಣಿಯಿದೆ. ನಮ್ಮ ರಾಜ್ಯದಲ್ಲಿ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಹೊಸ ವೇತನ ಜಾರಿಗೆ ಬಂದು, ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಶಿಕ್ಷಕರ ಶ್ರೇಣಿ ಇದಕ್ಕಿಂತ ಮೇಲಿನದು. ಇದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಮ್ಮೆ ಬಡ್ತಿ ಹಣ. ಬಾಡಿಗೆ ಭತ್ಯೆ ದೊಡ್ಡ ನಗರದಲ್ಲಿ ಹೆಚ್ಚು, ಸಣ್ಣ ಊರಿನಲ್ಲಿ ಕಡಿಮೆ. ಓದಿಗೂ ಬೆಲೆಯುಂಟು: ಪದವಿಯ ಜೊತೆ ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋದವರ ಶ್ರೇಣಿ ಪ್ರಾಥಮಿಕ ಶಾಲೆಯವರಿಗಿಂತ ಹೆಚ್ಚಿನದು.

ಅನುದಾನಿತ ಶಾಲೆ ಖಾಸಗಿಯವರದ್ದಾದರೂ, ಸರ್ಕಾರ ಒಪ್ಪಿದ ಹುದ್ದೆಗೆ ಸಂಬಳ ಸರ್ಕಾರದ ಬೊಕ್ಕಸದಿಂದಲೇ ಬರುತ್ತದೆ. ಆದರೆ ಅದೇ ಶಾಲೆಯಲ್ಲಿ ಆಡಳಿತ ಮಂಡಳಿಯವರೇ ನೇಮಿಸಿಕೊಂಡವರಿಗೆ ಆ ಭಾಗ್ಯವಿಲ್ಲ.

ಇನ್ನು ಅನುದಾನರಹಿತ ಶಾಲೆ. ಅಲ್ಲಿ ಮಕ್ಕಳ ಫೀಜಿನಿಂದಲೇ ಕಟ್ಟಡ, ಬಸ್ಸು, ಸಂಬಳ ಎಲ್ಲವೂ ನಡೆಯಬೇಕು. ಊರು ಚಿಕ್ಕದಾಗಿ, ಮಕ್ಕಳು ಕಡಿಮೆಯಾದರೆ ಮೊದಲು ಕತ್ತರಿ ಬೀಳುವುದು ಟೀಚರ ಸಂಬಳಕ್ಕೇ. ಸರ್ಕಾರಿ ಶಾಲೆಯ ಖಾಲಿ ಹುದ್ದೆಯಲ್ಲಿ ಪಾಠ ಹೇಳುವ ಅತಿಥಿ ಶಿಕ್ಷಕಿಗೂ ವೇತನ ಶ್ರೇಣಿಯಿಲ್ಲ, ಗೌರವಧನ ಮಾತ್ರ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅದನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸುವ ಘೋಷಣೆಯಾಯಿತು. ಆದರೂ ಖಾಯಂ ಶಿಕ್ಷಕಿಯ ಸಂಬಳಕ್ಕೂ ಅದಕ್ಕೂ ಅಜಗಜಾಂತರ.

ಸೇರುವ ಮುನ್ನ ಕೇಳಿ

ಮಗಳೋ ಸೊಸೆಯೋ ಖಾಸಗಿ ಶಾಲೆಗೆ ಸೇರುವಾಗ ಇಷ್ಟನ್ನು ಮರೆಯಬೇಡಿ:

1. ಸಂಬಳ ಎಷ್ಟೆಂದು ಬರೆದ ನೇಮಕಾತಿ ಪತ್ರ ಪಡೆಯಿರಿ. ಬಾಯಿಮಾತು ಜೂನ್ ತಿಂಗಳಲ್ಲಿ ಒಂದಿದ್ದರೆ ದಸರೆಗೆ ಇನ್ನೊಂದಾಗುತ್ತದೆ.

2. ಸಂಬಳ ಬ್ಯಾಂಕಿಗೇ ಬರಲಿ. ಒಂದು ಮೊತ್ತಕ್ಕೆ ಸಹಿ, ಕೈಗೆ ಇನ್ನೊಂದು ಮೊತ್ತ ಎಂದರೆ ಒಪ್ಪಬೇಡಿ.

3. ಬೇಸಿಗೆ ರಜೆಗೆ ಸಂಬಳವುಂಟೋ ಇಲ್ಲವೋ ಕೇಳಿ. ಹನ್ನೆರಡು ತಿಂಗಳ ಸಂಬಳಕ್ಕೂ ಹತ್ತು ತಿಂಗಳದ್ದಕ್ಕೂ ಎಷ್ಟು ವ್ಯತ್ಯಾಸ, ನೀವೇ ಲೆಕ್ಕ ಹಾಕಿ.

4. 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆಯಾದರೆ ಭವಿಷ್ಯನಿಧಿ ಅನ್ವಯಿಸುತ್ತದೆ. ಶಿಕ್ಷಕಿಯ ಪಾಲು ಹಿಡಿದರೆ ಸಾಲದು, ಆಡಳಿತ ಮಂಡಳಿಯೂ ತನ್ನ ಪಾಲು ಕಟ್ಟಬೇಕು.

5. ಮೂಲ ಅಂಕಪಟ್ಟಿಗಳನ್ನು ತೋರಿಸಿ, ನಕಲು ಕೊಡಿ. ಮೂಲವನ್ನು ಶಾಲೆಯಲ್ಲಿ ಬಿಟ್ಟುಬರಬೇಡಿ.

ಗ್ರ್ಯಾಚುಯಿಟಿ ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. 2009ರ ತಿದ್ದುಪಡಿಯಿಂದ ಖಾಸಗಿ ಶಾಲೆಯ ಶಿಕ್ಷಕರಿಗೂ ಇದು 1997ರಿಂದ ಪೂರ್ವಾನ್ವಯವಾಗಿ ಸಿಕ್ಕಿತು. ಶಾಲೆಗಳವರು ಕೋರ್ಟಿಗೆ ಹೋದರೂ 2022ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಕರ ಪರವಾಗಿಯೇ ತೀರ್ಪು ಕೊಟ್ಟಿತು. ಲೆಕ್ಕ ಸುಲಭ. ಕಡೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಿ. 13,000 ರೂಪಾಯಿ ಸಂಬಳದಲ್ಲಿ 10 ವರ್ಷ ದುಡಿದು ಬಿಟ್ಟವಳಿಗೆ 75,000 ರೂಪಾಯಿ! "ಮದುವೆ ಆಯ್ತು, ಕೆಲಸ ಬಿಟ್ಲು" ಅಂತ ಸುಮ್ಮನಾದರೆ ಹೋಯಿತು.

ನಮ್ಮ ಮಾತೂ ಕಾರಣ

ಕೊನೆಯದಾಗಿ ಒಂದು ಮಾತು, ಬೇಸರಿಸಬೇಡಿ. "ಮನೆ ಪಕ್ಕದಲ್ಲೇ ಸ್ಕೂಲು, ಹೊತ್ತು ಹೋಗುತ್ತೆ, ಸೀರೆ ಖರ್ಚಿಗಾದ್ರೂ ಆಯ್ತು" ಅಂತ ನಾವೇ ಹೇಳುತ್ತೇವಲ್ಲ, ಅದು ಆಡಳಿತ ಮಂಡಳಿಯವರ ಕಿವಿಗೂ ಬೀಳುತ್ತದೆ. ಮನೆಯವರೇ ಕೈಖರ್ಚು ಎಂದುಕೊಂಡ ಸಂಬಳವನ್ನು ಅವರೇಕೆ ಹೆಚ್ಚಿಸುತ್ತಾರೆ? ಬೆಳಗಿನಿಂದ ನಲವತ್ತು ಮಕ್ಕಳೊಡನೆ ಗಂಟಲು ಹರಿದುಕೊಂಡು, ರಾತ್ರಿ ಕಾಪಿ ಪುಸ್ತಕ ತಿದ್ದುವವಳು ಹೊತ್ತು ಕಳೆಯುತ್ತಿಲ್ಲ, ದುಡಿಯುತ್ತಿದ್ದಾಳೆ. ಮಗನಿಗೆ ಕೆಲಸ ಸಿಕ್ಕಾಗ ಸಂಬಳ, ಪಿ.ಎಫ್., ರಜೆ ಎಂದು ಎಷ್ಟೆಲ್ಲ ವಿಚಾರಿಸುತ್ತೀರೋ, ಮಗಳಿಗೆ ಸಿಕ್ಕಾಗಲೂ ಅಷ್ಟೇ ಗಟ್ಟಿಯಾಗಿ ವಿಚಾರಿಸಿ.