ಹುಳುಕು ಹಲ್ಲೂ ಮದ್ದಿಗೆ ಮಣಿಯದ ಕ್ರಿಮಿಯೂ

ಹಲ್ಲು ಕೊಳೆತು ಕುಳಿಬಿದ್ದರೆ ನಾವು ಅದನ್ನು ‘ಹುಳುಕು ಹಲ್ಲು’ ಎನ್ನುವೆವು. ಸುಶ್ರುತಸಂಹಿತೆಯಲ್ಲಿ ಈ ವ್ಯಾಧಿಗೆ ‘ಕ್ರಿಮಿದಂತಕ’ವೆಂದು ಹೆಸರು. ಕಣ್ಣಿಗೆ ಕಾಣುವ ಹುಳುವು ಅಲ್ಲಿಲ್ಲದಿದ್ದರೂ ಕಾಣದ ಜೀವಾಣುಗಳುಂಟು. ಅವುಗಳಲ್ಲಿ ಮುಖ್ಯವಾದ ‘ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್’ ಎಂಬುದನ್ನು ೧೯೨೪ರಲ್ಲಿ ಕ್ಲಾರ್ಕ್ ಎಂಬ ಸಂಶೋಧಕರು ಹುಳುಕು ಹಲ್ಲಿನಿಂದಲೇ ಬೇರ್ಪಡಿಸಿ ವರ್ಣಿಸಿದರು. ನಾವುಂಡ ಸಕ್ಕರೆ ಬೆಲ್ಲಗಳೇ ಅದರ ಆಹಾರ. ಅದು ಹೊರಸೂಸುವ ಆಮ್ಲವು ಹಲ್ಲಿನ ಹೊರಪದರದ ಸುಣ್ಣದಂಶವನ್ನು ಕರಗಿಸುವುದು.

ಹಾಗಾದರೆ ಜೀವಾಣುನಾಶಕವಾದ ಗುಳಿಗೆಯನ್ನು ನುಂಗಿದರೆ ಸಾಲದೆ ಎಂದು ವಾಚಕರು ಕೇಳಿದರೆ, ಸಾಲದೆಂದೇ ನಾವು ಹೇಳುವೆವು. ಈ ಜೀವಾಣುಗಳು ಹಲ್ಲಿನ ಮೇಲೆ ಅಂಟಾದ ಪಾಚಿಯನ್ನು ಕಟ್ಟಿ, ಕೋಟೆಯೊಳಗಿದ್ದಂತೆ ನೆಲಸುವುವು. ಮದ್ದು ಅದರೊಳಹೊಗುವುದು ಕಷ್ಟ. ಹೊಕ್ಕರೂ ಮಂದವಾಗಿ ಬೆಳೆಯುವ ಜೀವಾಣುಗಳು ಸುಲಭವಾಗಿ ಸಾಯವು. ಮೇಲಾಗಿ, ಮದ್ದನ್ನು ಗೆಲ್ಲುವ ಗುಣವನ್ನು ಪಡೆದ ಜೀವಾಣುವು ಅದನ್ನು ನೆರೆಯ ಅನ್ಯಜಾತಿಯ ಜೀವಾಣುವಿಗೂ ದಾನಮಾಡಬಲ್ಲುದು. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯರೇ ೧೯೪೫ರ ನೊಬೆಲ್ ಉಪನ್ಯಾಸದಲ್ಲಿ, ಸಾಲದಷ್ಟು ಮದ್ದನ್ನು ಸೇವಿಸಿದರೆ ಕ್ರಿಮಿಗಳು ಅದಕ್ಕೆ ಎದುರುನಿಲ್ಲಲು ಕಲಿಯುವುವೆಂದು ಎಚ್ಚರಿಸಿದ್ದರು.

ಆದಕಾರಣ ಹಲ್ಲುನೋವು ಬಂದೊಡನೆ ಅಂಗಡಿಯಿಂದ ನಾಲ್ಕು ಗುಳಿಗೆಗಳನ್ನು ತಂದು ನುಂಗುವುದು ತರವಲ್ಲ. ಗುಳಿಗೆಯಿಂದ ಕುಳಿ ಮುಚ್ಚದು. ದಂತವೈದ್ಯರು ಕೊಳೆತುದನ್ನು ತೆಗೆದು ತುಂಬಬೇಕು. ಬಾವು ಹರಡಿ ಜ್ವರ ಬಂದಾಗ ಅವರು ಮದ್ದನ್ನಿತ್ತರೆ, ಹೇಳಿದ ಪ್ರಮಾಣದಲ್ಲಿ ಹೇಳಿದಷ್ಟು ದಿನ ಸೇವಿಸಬೇಕು. ಸಿಹಿಯನ್ನು ಮಿತಗೊಳಿಸಿ, ಮಲಗುವ ಮುನ್ನ ಮಕ್ಕಳಿಂದ ಹಲ್ಲುಜ್ಜಿಸುವ ತಾಯ್ತಂದೆಗಳು ಹಲ್ಲನ್ನು ಉಳಿಸುವುದಲ್ಲದೆ, ನಾಳೆ ಪ್ರಾಣಾಪಾಯದಲ್ಲಿ ಬೇಕಾಗುವ ಮದ್ದಿನ ಬಲವನ್ನೂ ಉಳಿಸುವರು.