ಚಳಿನಾಡಿಗೆ ಹೊರಡುವ ಕ್ಯಾಂಪರ್ ವ್ಯಾನ್

ನಮ್ಮ ಅನುಗೊಂಡನಹಳ್ಳಿ ಕಡೆ ಚಳಿಗಾಲ ಅಂದರೆ ಇನ್ನೊಂದು ಕಂಬಳಿ, ಇನ್ನೊಂದು ಲೋಟ ಬಿಸಿ ಕಾಫಿ, ಅಷ್ಟೆ. ಲಡಾಖಿನ ಚಳಿ ಹಾಗಲ್ಲ. ಜನವರಿಯಲ್ಲಿ ಲೇಹ್‌ನ ರಾತ್ರಿ ಸೊನ್ನೆಗಿಂತ 10–15 ಡಿಗ್ರಿ ಕೆಳಗಿಳಿಯುತ್ತದೆ. ಅಂಥ ಕಡೆಗೆ ವ್ಯಾನಿನಲ್ಲೇ ಮಲಗಿ, ಅದರಲ್ಲೇ ಅಡಿಗೆ ಮಾಡಿಕೊಂಡು ಹೋಗಿಬರುವ ಹುಚ್ಚು ನನ್ನ ತಮ್ಮನಿಗೂ ಹಿಡಿದಿದೆ. ಜೊತೆಗೆ ಹೆಂಡತಿ, ಆರು ವರ್ಷದ ಮಗಳು.

“ಅಕ್ಕಾ, ಫೋರ್ ವೀಲ್ ಡ್ರೈವ್ ಗಾಡಿ ನೋಡಿದೀನಿ, ಎಂಥ ಕಲ್ಲುದಾರಿ ಆದ್ರೂ ಹತ್ತುತ್ತೆ” ಅಂದ.

“ಹತ್ತಲಿ ಕಣೋ. ರಾತ್ರಿ ಮಗು ಅದರೊಳಗೆ ಹೇಗೆ ಮಲಗುತ್ತೆ, ಅದು ಹೇಳು” ಅಂದೆ.

ಚಕ್ರ, ಎಂಜಿನ್ನು ಬೇಡವೆಂದಲ್ಲ. ಗೂರ್ಖಾದಂಥ ಗಾಡಿಗೆ ನಾಲ್ಕೂ ಚಕ್ರಕ್ಕೆ ಎಳೆತವುಂಟು, ಒಳಗೆ ಜಾಗ ಕಡಿಮೆ. ಎತ್ತರದ ಟೆಂಪೊ ಟ್ರಾವೆಲರ್‌ನಲ್ಲಿ ನಿಂತು ಅಡಿಗೆ ಮಾಡಬಹುದು, ಆದರೆ ಸಾಮಾನ್ಯವಾಗಿ ಎಳೆತ ಹಿಂದಿನ ಚಕ್ರಗಳಿಗೆ ಮಾತ್ರ. ಬೇಸಿಗೆಯಲ್ಲಿ ಮುಖ್ಯರಸ್ತೆ ಬಿಡದವರಿಗೆ ಟ್ರಾವೆಲರ್ ಸಾಕು ಅಂತ ನನ್ನ ಎಣಿಕೆ. ಹಳ್ಳ ದಾಟಿ, ಹಿಮದ ಮೇಲೆ ಹೋಗುವವರು ಗೂರ್ಖಾ ನೋಡಲಿ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವುದು ತಪ್ಪಿತು, ನಿಜ. ಅದರಾಚೆಯ ಬಾರಾಲಾಚಾ ಕಣಿವೆದಾರಿ 16,000 ಅಡಿ ಎತ್ತರದ್ದು.

ಇನ್ನು ಒಳಗಿನ ಮಾತು. ಬರೀ ತಗಡಿನ ಗಾಡಿ ಸ್ಟೀಲ್ ಡಬ್ಬಿ ಇದ್ದಂತೆ. ಅದರಲ್ಲಿಟ್ಟ ಅನ್ನ ಎಷ್ಟು ಬೇಗ ಆರುತ್ತೆ ನಮಗೆ ಗೊತ್ತಲ್ಲ! ಹಾಟ್‌ಬಾಕ್ಸಿನ ಹಾಗೆ ಗೋಡೆ, ಸೂರು, ನೆಲ ಮೂರಕ್ಕೂ ಒಳಪದರ ಬೇಕು. ನೆಲವನ್ನು ಮರೆಯುವವರೇ ಹೆಚ್ಚು. ಹಾಗಂತ ಗಾಳಿಯಾಡದಂತೆ ಮುಚ್ಚಬಾರದು. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಉಸಿರು, ಬೆವರಿನಿಂದ ಸುಮಾರು ಅರ್ಧ ಲೀಟರು ನೀರು ಗಾಳಿಗೆ ಸೇರಿ, ತಣ್ಣನೆ ತಗಡಿಗೆ ತಗಲಿ ಹಾಸಿಗೆಗೆ ತೊಟ್ಟಿಕ್ಕುತ್ತದೆ. ಸೂರಿನಲ್ಲಿ ಗಾಳಿಕಿಂಡಿ ಇರಲೇಬೇಕು.

ಎಲ್ಲಕ್ಕಿಂತ ಮುಖ್ಯ, ಬಿಸಿ ಎಲ್ಲಿಂದ ಅನ್ನುವುದು. ತಂಗಿಯರೇ, ಇದೊಂದನ್ನು ಮನೆಯವರಿಗೆ ಓದಿ ಹೇಳಿ. ಮುಚ್ಚಿದ ಗಾಡಿಯೊಳಗೆ ಇದ್ದಿಲ ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಹಚ್ಚಿಟ್ಟು ಮಲಗಲೇಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಉರಿಯುವುದಕ್ಕೆ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಕೊಳವೆಯಲ್ಲಿ ಹೊರಕ್ಕೇ ಬಿಡುವ ಡೀಸೆಲ್ ಹೀಟರ್ ಸಿಗುತ್ತದೆ. ಎತ್ತರದ ಜಾಗಕ್ಕೆ ಹೊಂದುವಂಥದ್ದೇ ಎಂದು ಕೇಳಿ ಕೊಳ್ಳಿ. ಅದಿದ್ದರೂ ಆ ವಿಷಗಾಳಿಗೆ ಕೂಗಿಕೊಳ್ಳುವ ಅಲಾರಂ ಹಾಸಿಗೆಯ ಹತ್ತಿರ ಇರಲಿ.

ಅಡಿಗೆಗೆ ಕುಕ್ಕರ್ ಬಿಡಬೇಡಿ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಪಾತ್ರೆಯಲ್ಲಿಟ್ಟ ಬೇಳೆ ಬೇಯುವುದೇ ಇಲ್ಲ. ಬರೀ ಬ್ಯೂಟೇನ್ ತುಂಬಿದ ಪುಟ್ಟ ಗ್ಯಾಸ್ ಡಬ್ಬಿ ಸೊನ್ನೆಯ ಹತ್ತಿರ ಬಂದರೆ ಉರಿಯದೆ ಸತಾಯಿಸುತ್ತದೆ. ನೀರಿನ ಟ್ಯಾಂಕು ಗಾಡಿಯ ಅಡಿಗಿರದೆ ಒಳಗಿರಲಿ. ಲಿಥಿಯಂ ಬ್ಯಾಟರಿಯೂ ಒಳಗೇ. ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಕೆಡುತ್ತದೆ. ನಮ್ಮ ಕಡೆ ತುಂಬಿಸಿದ ಡೀಸೆಲ್ ಅಲ್ಲಿ ತುಪ್ಪದಂತೆ ಗಟ್ಟಿಯಾಗಬಹುದು. ಅದಕ್ಕೇ ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು.

ಹಳೇ ವ್ಯಾನು ಕೊಂಡು ಒಳಗೆ ಮಾರ್ಪಾಡು ಮಾಡಿಸುವವರು ಮೊದಲೇ ಆರ್‌ಟಿಓ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು, ಇಲ್ಲದಿದ್ದರೆ ವಿಮೆಗೂ ತೊಡಕು. ದುಡ್ಡು ಕೊಡುವ ಮುಂಚೆ ಡಿಸೆಂಬರಿನಲ್ಲಿ ಒಂದು ರಾತ್ರಿ ಅದರಲ್ಲೇ ಮಲಗಿ ನೋಡಿ ಅಂತ ತಮ್ಮನಿಗೆ ಹೇಳಿದ್ದೇನೆ. ಬೆಳಿಗ್ಗೆ ಗೋಡೆ ಸವರಿ ನೋಡುವ ಕೆಲಸ ನಾದಿನಿಯದು.